ಏಳು ವರ್ಷನ್ ಆಯ್ತು, ಆ ‘ಫೀಲ್’ ಇನ್ನೂ ಬಂದಿಲ್ಲ

ಪ್ರಶ್ನೆ: ಸರ್, ನನ್ನದು ಸಾಗರದ ಹತ್ತಿರದ ಊರು. ಮೊದಲ ಸಿನಿಮಾ ಮಾಡಿದ್ದೇನೆ, 1 ಗಂಟೆ 42 ನಿಮಿಷದ್ದು. ಎಡಿಟಿಂಗ್ ಮಾಡುವಾಗ ಯುರೋಪಿನ ಒಂದು ಸಿನಿಮಾದ ಪಿಯಾನೊ, ವಯಲಿನ್ ಸಂಗೀತವನ್ನು ಸುಮ್ನೆ ರೆಫರೆನ್ಸ್‌ಗೆ ಅಂತ ಹಾಕಿಕೊಂಡಿದ್ದೆವು. ಮೂರು ತಿಂಗಳು ಸಿನಿಮಾವನ್ನು ಅದರ ಜೊತೆಗೇ ನೋಡಿದ್ದೇವೆ. ಸಂಗೀತ ನಿರ್ದೇಶಕ ನನ್ನ ಕಾಲೇಜು ಗೆಳೆಯ. ಅಡಿಕೆ ಸುಲಿಯುವ ರಾತ್ರಿ ಮಗ ಅಮ್ಮನಿಗೆ ‘ತೋಟ ಮಾರಿಬಿಟ್ಟೆ’ ಅಂತ ಹೇಳುವ ದೃಶ್ಯ ನಮ್ಮ ಸಿನಿಮಾದ ಜೀವ. ಅದಕ್ಕೆ ಅವನು ಏಳು ವರ್ಷನ್ ಕೊಟ್ಟ. ಒಂದರಲ್ಲೂ ಆ ಫೀಲ್ ಬರಲಿಲ್ಲ. ಏಳನೆಯದಕ್ಕೂ ‘ಇನ್ನೂ ಸ್ವಲ್ಪ ಎಮೋಷನ್ ಬೇಕು ಕಣೋ’ ಅಂದೆ. ಅವತ್ತಿಂದ ಫೋನ್ ಎತ್ತುತ್ತಿಲ್ಲ. ದುಡ್ಡು ಹಾಕಿರುವ ನಮ್ಮ ಮಾವ ‘ಸಿನಿಮಾ ಡಲ್ ಇದೆ, ಪೂರ್ತಿ ಬಿಜಿಎಂ (ಹಿನ್ನೆಲೆ ಸಂಗೀತ) ತುಂಬಿಸು’ ಅನ್ನುತ್ತಾರೆ. ಎಡಿಟರ್ ‘ರೆಫರೆನ್ಸನ್ನೇ ಇಟ್ಟುಬಿಡೋಣ, ಸ್ವಲ್ಪ ಪಿಚ್ (ಶ್ರುತಿ) ಬದಲಿಸಿದರೆ ಯಾರಿಗೂ ಗೊತ್ತಾಗಲ್ಲ’ ಅನ್ನುತ್ತಾರೆ. ನನಗೆ ಸಂಗೀತದ ಗಂಧಗಾಳಿ ಇಲ್ಲ. ಗೆಳೆಯನನ್ನು ಬಿಟ್ಟು ಬೇರೆಯವರನ್ನು ಹಾಕಿಕೊಳ್ಳಲೇ? ದೃಶ್ಯದ ಕ್ಲಿಪ್, ಏಳೂ ವರ್ಷನ್ ಕಳಿಸಿದ್ದೇನೆ.

ಉತ್ತರ: ನಿಮ್ಮ 2 ನಿಮಿಷ 40 ಸೆಕೆಂಡಿನ ಕ್ಲಿಪ್ಪನ್ನು ಒಂದು ಸಂಜೆ ಪೂರ್ತಿ ಕೂತು ನೋಡಿದೆ. ಮೊದಲು ರೆಫರೆನ್ಸ್ ಜೊತೆ, ಆಮೇಲೆ ಏಳೂ ವರ್ಷನ್ ಜೊತೆ, ಕೊನೆಗೆ ಸಂಗೀತವನ್ನೇ ಮ್ಯೂಟ್ ಮಾಡಿ. ಕೊನೆಯದನ್ನು ನೀವು ಇತ್ತೀಚೆಗೆ ಮಾಡಿಲ್ಲ ಅಂತ ನನ್ನ ಅನುಮಾನ.

ಗೆಳೆಯನನ್ನು ಬದಲಿಸಲೇ ಅಂತ ಕೇಳಿದ್ದೀರಿ. ಇವತ್ತಿನ ಮಟ್ಟಿಗೆ ಬೇಡ ಅನ್ನುತ್ತೇನೆ. ಅವರ ಸಂಗೀತ ಅದ್ಭುತ ಅಂತ ಅಲ್ಲ, ಏಳರಲ್ಲಿ ಮೂರು ನನಗೂ ಇಷ್ಟವಾಗಲಿಲ್ಲ. ಆದರೆ ನಿಮ್ಮ ಎಡಿಟ್‌ನೊಳಗೆ ಇನ್ನೊಬ್ಬರ ಸಂಗೀತ ಚಾಪೆ ಹಾಸಿಕೊಂಡು ಕೂತಿದೆ. ಅದು ಎದ್ದು ಹೋಗುವ ತನಕ ಯಾರು ಬಂದರೂ ಬಾಗಿಲಲ್ಲೇ ನಿಲ್ಲಬೇಕು. ಹೊಸಬರನ್ನು ಕರೆತಂದರೆ ಎಂಟನೇ ವರ್ಷನ್ ಬರುತ್ತದೆ, ಅಷ್ಟೇ.

ಹೀಗಾಗುವುದು ನಿಮಗೊಬ್ಬರಿಗೇ ಅಲ್ಲ. ಮೂರು ತಿಂಗಳು ಒಂದೇ ಸಂಗೀತದ ಜೊತೆ ದೃಶ್ಯ ನೋಡಿದರೆ ಕಿವಿಗೆ ಅದೇ ಸರಿ ಅನ್ನಿಸತೊಡಗುತ್ತದೆ. ಬೇರೆ ಮನೆಯ ಸಾರು ಎಷ್ಟೇ ರುಚಿಯಿದ್ದರೂ ‘ನಮ್ಮನೆ ಸಾರಿನ ಹಾಗಿಲ್ಲ’ ಅನ್ನಿಸುತ್ತದಲ್ಲ, ಹಾಗೆ. ಇದು ಎಲ್ಲರಿಗೂ ಗೊತ್ತಿರುವ ಕಾರಣ. ಗೊತ್ತಿಲ್ಲದ ಇನ್ನೊಂದಿದೆ, ಜಾಸ್ತಿ ತೊಂದರೆ ಕೊಡುವುದು ಅದೇ. ನಿಮ್ಮ ಎಡಿಟರ್ ಆ ಪಿಯಾನೊದ ತಾಳ ಹಿಡಿದೇ ಕತ್ತರಿಸಿದ್ದಾರೆ. ನಾನು ಎಣಿಸಿದೆ. ದೃಶ್ಯದಲ್ಲಿ 14 ಕಟ್ ಇವೆ. ಅದರಲ್ಲಿ 9 ಕಟ್ ಪಿಯಾನೊದ ಹೊಡೆತಕ್ಕೆ ಸರಿಯಾಗಿ ಬೀಳುತ್ತವೆ. ಬೇಕೆಂದೇ ಮಾಡಿರಲಿಕ್ಕಿಲ್ಲ, ಕೈ ತಾನಾಗಿ ಹಾಗೆ ಹೋಗುತ್ತದೆ. ಈಗ ನಿಮ್ಮ ಗೆಳೆಯರು ಬೇರೆ ಲಯದಲ್ಲಿ ಏನೇ ನುಡಿಸಿದರೂ ಪ್ರತಿ ಕಟ್ ಅರ್ಧ ಹೆಜ್ಜೆ ಮುಂಚೆಯೋ ಹಿಂದೆಯೋ ಬಿದ್ದ ಹಾಗೆ ಕಾಣುತ್ತದೆ. ನೀವು ಅದಕ್ಕೆ ‘ಫೀಲ್ ಇಲ್ಲ’ ಅಂತ ಹೆಸರಿಟ್ಟಿದ್ದೀರಿ. ಅಲ್ಲಿ ಇಲ್ಲದಿರುವುದು ಆ ಪಿಯಾನೊದ ತಾಳ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ 1968ರ ‘2001: ಎ ಸ್ಪೇಸ್ ಒಡಿಸ್ಸಿ’ಗೆ ಅಲೆಕ್ಸ್ ನಾರ್ತ್ ಅವರಿಂದ ಸಂಗೀತ ಬರೆಸಿದರು, ರೆಕಾರ್ಡಿಂಗೂ ಆಯಿತು. ಎಡಿಟ್ ಮಾಡುವಾಗ ಹಾಕಿಕೊಂಡಿದ್ದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಆಗಲೇ ಅವರ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಕೊನೆಗೆ ಅದನ್ನೇ ಉಳಿಸಿಕೊಂಡರು. ತಮ್ಮ ಒಂದು ಸ್ವರವೂ ಇಲ್ಲ ಅನ್ನುವುದು ನಾರ್ತ್ ಅವರಿಗೆ ತಿಳಿದದ್ದು ಸಿನಿಮಾ ನೋಡಲು ಹೋಗಿ ಕೂತಾಗ. ಸಿನಿಮಾ ಗೆದ್ದಿತು, ಆ ಸಂಗೀತವಿಲ್ಲದೆ ಅದನ್ನು ಈಗ ನೆನೆಯಲೂ ಆಗುವುದಿಲ್ಲ, ನಿಜ. ಆದರೆ ಸಂಗೀತದ ಹಕ್ಕಿನ ಖರ್ಚು ಹೊರಲು ಅವರ ಹಿಂದೆ ಒಂದು ಸ್ಟುಡಿಯೊ ಇತ್ತು. ನಿಮ್ಮ ಹಿಂದೆ ಇರುವುದು ಮಾವ.

ಇನ್ನು ದೃಶ್ಯಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ರಾತ್ರಿ. ಅಂಗಳದ ಚಪ್ಪರದಡಿ ಐದಾರು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಾರೆ. ಕಟ್, ಕಟ್ ಅಂತ ಸದ್ದು, ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು. ಮಗ ಬಂದು ಅಮ್ಮನ ಪಕ್ಕ ಕೂರುತ್ತಾನೆ. 58ನೇ ಸೆಕೆಂಡಿನಲ್ಲಿ ‘ತೋಟ ಕೊಟ್ಬಿಟ್ಟೆ ಅಮ್ಮಾ’ ಅನ್ನುತ್ತಾನೆ. ಆದರೆ ವಯಲಿನ್ ಶುರುವಾಗುವುದು 41ನೇ ಸೆಕೆಂಡಿಗೆ! ಮಗ ಬಾಯಿ ಬಿಡುವುದಕ್ಕೆ 17 ಸೆಕೆಂಡ್ ಮುಂಚೆಯೇ ಸಂಗೀತ ನಮ್ಮ ಕಿವಿಯಲ್ಲಿ ಚಾಡಿ ಹೇಳಿಬಿಟ್ಟಿದೆ, ‘ಏನೋ ಕೆಟ್ಟ ಸುದ್ದಿ ಬರ್ತಿದೆ ನೋಡಿ’ ಅಂತ. ಅಮ್ಮನಿಗಿಂತ ಮೊದಲೇ ನಮಗೆ ಗೊತ್ತಾದ ಮೇಲೆ ಆ ಮಾತಿಗೆ ಏನು ಬೆಲೆ ಉಳಿಯಿತು?

ತಮಾಷೆ ಅಂದರೆ ನಿಮ್ಮ ಗೆಳೆಯರ ಏಳೂ ವರ್ಷನ್ ಶುರುವಾಗುವುದು ಅದೇ 41ನೇ ಸೆಕೆಂಡಿಗೆ. ಅವರು ಯಾಕೆ ಅಲ್ಲಿಂದಲೇ ಶುರು ಮಾಡಿದರು? ರೆಫರೆನ್ಸ್ ಅಲ್ಲಿಂದ ಇತ್ತು, ಅದಕ್ಕೆ. ಸಂಗೀತ ಎಲ್ಲಿ ಬರಬೇಕು ಅನ್ನುವ ಮಾತು ನಿಮ್ಮಿಬ್ಬರ ನಡುವೆ ಬಂದೇ ಇಲ್ಲ ಅಂತ ಇದರಿಂದ ಗೊತ್ತಾಗುತ್ತದೆ. ನೀವು ಮಾತಾಡಿದ್ದೆಲ್ಲ ಹೇಗಿರಬೇಕು ಅನ್ನುವುದರ ಬಗ್ಗೆ.

ಸಂಗೀತ ಮ್ಯೂಟ್ ಮಾಡಿ ನೋಡಿದಾಗ ಏನು ಕಂಡಿತು ಗೊತ್ತಾ? ಮಗ ಹೇಳಿದ ತಕ್ಷಣ ಅಮ್ಮನ ಕೈ ನಿಲ್ಲುತ್ತದೆ. ಉಳಿದ ಹೆಂಗಸರ ಕತ್ತಿ ಸದ್ದು ಮಾಡುತ್ತಲೇ ಇದೆ, ಇವಳದೊಂದೇ ನಿಂತಿದೆ. ನಾಲ್ಕು ಸೆಕೆಂಡ್. ಆಮೇಲೆ ಕೆಳಗೆ ನೋಡಿಕೊಂಡೇ ಮತ್ತೆ ಸುಲಿಯಲು ಶುರು ಮಾಡುತ್ತಾಳೆ, ಮೊದಲಿಗಿಂತ ಜೋರಾಗಿ. ಆಮೇಲೆ ಅಳು. ನಿಮ್ಮ ನಟಿ ಇದನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆ! ಆ ನಾಲ್ಕು ಸೆಕೆಂಡನ್ನು ನೀವು ಮೂರು ತಿಂಗಳಿಂದ ಕೇಳಿಸಿಕೊಂಡೇ ಇಲ್ಲ, ಯಾಕೆಂದರೆ ಅದರ ಮೇಲೆ ವಯಲಿನ್ ಹರಿಯುತ್ತಿದೆ.

ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ (1955) ಮತ್ತೊಮ್ಮೆ ನೋಡಿ. ಅಪ್ಪ ಹರಿಹರ ಪರಊರಿನಿಂದ ಮನೆಗೆ ಬರುತ್ತಾನೆ, ಮಗಳು ಸತ್ತಿರುವುದು ಅವನಿಗೆ ಗೊತ್ತಿಲ್ಲ, ಅವಳಿಗೆಂದು ತಂದ ಸೀರೆ ತೋರಿಸುತ್ತಾನೆ. ಹೆಂಡತಿ ಸರ್ಬಜಯಾ ಕುಸಿಯುತ್ತಾಳೆ. ಅವಳ ಬಾಯಿ ತೆರೆಯುತ್ತದೆ, ಅಳುವಿನ ದನಿ ಕೇಳುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ, ಮೇಲಿನ ಸ್ಥಾಯಿಯಲ್ಲಿ ಪಟದೀಪ್ ರಾಗ. ರೇ ಅವರು ಎರಡರಲ್ಲಿ ಒಂದನ್ನು ಆರಿಸಿಕೊಂಡರು. ನಿಮ್ಮ ದೃಶ್ಯದಲ್ಲಿ ಅಮ್ಮನೂ ಅಳುತ್ತಾಳೆ, ವಯಲಿನ್ನೂ ಅಳುತ್ತದೆ. ಹೀಗಾದಾಗ ಪ್ರೇಕ್ಷಕ ಹಿಂದಕ್ಕೆ ಒರಗಿ ಕೂತುಬಿಡುತ್ತಾನೆ, ಅವನ ಪಾಲಿನದನ್ನೂ ನೀವೇ ಮುಗಿಸಿದ್ದೀರಿ.

ದುಃಖಕ್ಕೆ ವಯಲಿನ್, ಮದುವೆಗೆ ನಾದಸ್ವರ, ಹಳ್ಳಿಗೆ ಕೊಳಲು ಅಂತ ನಮ್ಮಲ್ಲಿ ಒಂದು ರೂಢಿ ಬಿದ್ದಿದೆ. ತಪ್ಪೇನಲ್ಲ, ಆದರೆ ಅದೇ ನಿಯಮ ಅಂದುಕೊಳ್ಳಬೇಡಿ. ಬಿ.ವಿ. ಕಾರಂತರು ರಂಗಭೂಮಿಯಿಂದ ಬಂದವರು. ಕೈಗೆ ಸಿಕ್ಕಿದ್ದರಲ್ಲೆಲ್ಲ ಸದ್ದು ಹುಡುಕುವ ಮನುಷ್ಯ. ‘ಋಷ್ಯಶೃಂಗ’, ಆಮೇಲೆ ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977), ಎರಡಕ್ಕೂ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಅವರ ಕೆಲಸ ಕೇಳಿದರೆ, ಊರಿನ ಸದ್ದು ಎಲ್ಲಿ ಮುಗಿಯಿತು, ಸಂಗೀತ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ. ನಿಮ್ಮ ಬಳಿ ಐದಾರು ಮೆಟ್ಟುಗತ್ತಿಗಳ ತಾಳ ಪುಕ್ಕಟೆ ಇದೆ. ಪಿಯಾನೊ ಹುಡುಕಿಕೊಂಡು ಯುರೋಪಿಗೆ ಯಾಕೆ ಹೋದಿರೋ!

‘ಒಳ್ಳೆಯ ಹಿನ್ನೆಲೆ ಸಂಗೀತ ಇದೆ ಅಂತ ಗೊತ್ತೇ ಆಗಬಾರದು’ ಅಂತಲೂ ಯಾರಾದರೂ ನಿಮಗೆ ಹೇಳುತ್ತಾರೆ. ಅದೂ ಅರ್ಧ ಸತ್ಯ. ‘ಸೈಕೊ’ (1960) ಸಿನಿಮಾದ ಸ್ನಾನದ ಕೋಣೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕ ಹಿಚ್‌ಕಾಕ್. ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಆದರೂ ಬರೆದರು, ಬರೀ ತಂತಿವಾದ್ಯಗಳಲ್ಲಿ, ಕಿರುಚುವ ಹಾಗೆ. ಕೇಳಿದ ಮೇಲೆ ಹಿಚ್‌ಕಾಕ್ ತಮ್ಮ ಮಾತು ಬದಲಿಸಿದರು. ಅದು ಗೊತ್ತಾಗದ ಸಂಗೀತವೇ? ಜಗತ್ತಿಗೆಲ್ಲ ಗೊತ್ತು. ಇಲ್ಲಿ ಗಮನಿಸಬೇಕಾದ್ದು, ಹರ್ಮನ್ ಹೇಳಿದ್ದನ್ನು ಮೀರಿದರು, ನಿರ್ದೇಶಕರು ಕೇಳಿಸಿಕೊಂಡರು. ಆರು ವರ್ಷದ ಮೇಲೆ ‘ಟಾರ್ನ್ ಕರ್ಟನ್’ಗೆ ಬರುವಾಗ ಆ ಕೇಳಿಸಿಕೊಳ್ಳುವುದು ನಿಂತಿತ್ತು. ಅಲ್ಲಿಗೆ ಇಬ್ಬರ ಜೋಡಿ ಮುರಿಯಿತು.

‘ಸಂಗೀತದ ಗಂಧಗಾಳಿ ಇಲ್ಲ’ ಅಂತ ಬರೆದಿದ್ದೀರಿ. ಸಂತೋಷ. ಸಂಗೀತ ಅರ್ಧ ಗೊತ್ತಿರುವ ನಿರ್ದೇಶಕರೇ ನಮ್ಮಂಥ ಸಂಗೀತ ನಿರ್ದೇಶಕರಿಗೆ ಕಷ್ಟ. ಒಬ್ಬರು ನನಗೆ ಮಾಯಾಮಾಳವಗೌಳ ರಾಗದಲ್ಲೇ ಬೇಕು ಅಂತ ಹಟ ಹಿಡಿದಿದ್ದರು. ಯಾಕೆ ಅಂದರೆ ಉತ್ತರವಿಲ್ಲ, ಅವರು ಬಾಲ್ಯದಲ್ಲಿ ಕಲಿತದ್ದು ಅದೊಂದೇ. ಇನ್ನೊಬ್ಬರಿಗೆ ಸ್ವರ, ತಾಳ ಒಂದೂ ಗೊತ್ತಿರಲಿಲ್ಲ. ಪಕ್ಕ ಕೂತು ಹೇಳಿದರು, ‘ನೋಡಿ, ಈ ಅಪ್ಪ ಸುಳ್ಳು ಹೇಳ್ತಿದ್ದಾನೆ. ಅದು ಮಗಳಿಗೆ ಗೊತ್ತು. ಗೊತ್ತಿಲ್ಲದವಳ ಹಾಗೆ ಇದ್ದಾಳೆ, ಅಪ್ಪನಿಗೆ ಅವಮಾನ ಆಗಬಾರದು ಅಂತ.’ ನಾನು ಬರೆದಿಟ್ಟಿದ್ದ ಹತ್ತು ವಾದ್ಯಗಳಲ್ಲಿ ಎಂಟನ್ನು ಅಲ್ಲೇ ತೆಗೆದುಹಾಕಿದೆ. ಒಂದು ಸಾರಂಗಿ, ಕೆಳಗೆ ತಂಬೂರಿಯ ಒಂದು ಎಳೆ, ಅಷ್ಟೇ. ಒಂದೇ ಟೇಕ್‌ಗೆ ಓಕೆ ಆಯಿತು.

‘ಇನ್ನೂ ಸ್ವಲ್ಪ ಎಮೋಷನ್’ ಅಂದರೆ ನಮಗೆ ಏನೂ ತಿಳಿಯುವುದಿಲ್ಲ. ಇನ್ನೆರಡು ವಯಲಿನ್ ಸೇರಿಸುತ್ತೇವೆ, ಸದ್ದು ಏರಿಸುತ್ತೇವೆ. ನಿಮ್ಮ ಐದು, ಆರು, ಏಳನೇ ವರ್ಷನ್‌ಗಳಲ್ಲಿ ಆಗಿರುವುದು ಅದೇ, ಪ್ರತಿ ಸಲ ಒಂದು ಪದರ ಜಾಸ್ತಿ. ನನಗೆ ಇಷ್ಟವಾಗದ ಮೂರು ಅವೇ. ಪಾಪ, ಅವರೇನು ಮಾಡಬೇಕು? ಆ ತಾಯಿಗೆ ಸಿಟ್ಟು ಬಂದಿದೆಯಾ, ಅವಮಾನ ಆಗಿದೆಯಾ, ಅಥವಾ ಅವಳಿಗೆ ಇದು ಮೊದಲೇ ಗೊತ್ತಿತ್ತಾ? ಇದನ್ನು ಹೇಳಿ. ಯಾವ ವಾದ್ಯ ಅನ್ನುವುದು ಅವರ ಕೆಲಸ.

ಒಂದು ಮಾತು ಒಪ್ಪಿಕೊಳ್ಳಬೇಕು. ಎಷ್ಟೇ ಚೆನ್ನಾಗಿ ಹೇಳಿದರೂ ಕೆಲವು ಸಲ ಕೂಡಿಬರುವುದಿಲ್ಲ. ರೇ ಅವರು ರವಿಶಂಕರ್, ವಿಲಾಯತ್ ಖಾನ್, ಅಲಿ ಅಕ್ಬರ್ ಖಾನ್ ಮೂವರ ಜೊತೆಗೂ ಕೆಲಸ ಮಾಡಿದವರು. ‘ಪಥೇರ್ ಪಾಂಚಾಲಿ’ಯ ಸಂಗೀತ ಒಂದೇ ರಾತ್ರಿಯಲ್ಲಿ ರೆಕಾರ್ಡ್ ಆದದ್ದು. ಸಾಲದೆ ಬಂದ ಕಡೆ ಛಾಯಾಗ್ರಾಹಕ ಸುಬ್ರತ ಮಿತ್ರ ಅವರೇ ಸಿತಾರ್ ನುಡಿಸಿದರು. ಅಂಥ ರೇ ಅವರೇ 1961ರ ‘ತೀನ್ ಕನ್ಯಾ’ದಿಂದ ತಮ್ಮ ಸಿನಿಮಾಗಳಿಗೆ ತಾವೇ ಸಂಗೀತ ಕೊಡಲು ಶುರು ಮಾಡಿದರು. ತಲೆಯಲ್ಲಿ ತಮ್ಮದೇ ಸಂಗೀತ ಓಡುತ್ತಿರುವಾಗ ಇನ್ನೊಬ್ಬರಿಗೆ ಹೆಜ್ಜೆ ಹೆಜ್ಜೆಗೂ ಹೀಗೆ ಮಾಡಿ, ಹಾಗೆ ಮಾಡಿ ಅನ್ನುವುದು ಅವರಿಗೂ ಹಿಂಸೆ, ಇವರಿಗೂ ಹಿಂಸೆ. ನಿಮ್ಮ ತಲೆಯಲ್ಲಿ ಓಡುತ್ತಿರುವುದು ಮಾತ್ರ ನಿಮ್ಮದಲ್ಲ, ಬೇರೆಯವರದು.

ಈಗ ಎಡಿಟರ್ ಕೊಟ್ಟ ಐಡಿಯಾ. ದಯವಿಟ್ಟು ಬೇಡ. ಪಿಚ್ ಬದಲಿಸಿದರೂ, ವೇಗ ಬದಲಿಸಿದರೂ ಯೂಟ್ಯೂಬ್‌ನಂಥ ಕಡೆ ಸಾಫ್ಟ್‌ವೇರ್ ಹಿಡಿಯುವ ಸಾಧ್ಯತೆ ಇದ್ದೇ ಇದೆ. ಹಿಡಿಯದಿದ್ದರೂ ತಪ್ಪು ತಪ್ಪೇ. ‘ಎಂಟು ಸೆಕೆಂಡ್ ತನಕ ಬಳಸಬಹುದು’ ಅನ್ನುವ ಮಾತು ನಮ್ಮ ಗಾಂಧಿನಗರದಲ್ಲಿ ಬಹಳ ಓಡಾಡುತ್ತದೆ. ಭಾರತದ ಕಾನೂನಿನಲ್ಲಿ ಅಂಥ ಲೆಕ್ಕವೇ ಇಲ್ಲ. ಒಂದು ಸಂಗೀತದಲ್ಲಿ ಎರಡು ಹಕ್ಕು ಇರುತ್ತದೆ: ಸ್ವರ ಸಂಯೋಜನೆಯದು ಒಂದು, ಆ ರೆಕಾರ್ಡಿಂಗ್‌ದು ಇನ್ನೊಂದು. ಎರಡೂ ಬೇರೆ ಬೇರೆಯವರ ಕೈಯಲ್ಲಿ ಇರಬಹುದು. ಎರಡಕ್ಕೂ ಅನುಮತಿ ಬೇಕು. ಓಟಿಟಿಯವರು ಸಿನಿಮಾ ತೆಗೆದುಕೊಳ್ಳುವಾಗ ಈ ಕಾಗದಗಳನ್ನೇ ಮೊದಲು ಕೇಳುತ್ತಾರೆ. ‘ಹಾಗಾದರೆ ಅದೇ ಥರದ್ದು ಮಾಡಿಸೋಣ’ ಅನ್ನುವುದೂ ಅಪಾಯವೇ. ತೀರಾ ಹತ್ತಿರ ಹೋದರೆ ನಕಲು ಅಂತ ನಿಮ್ಮ ಗೆಳೆಯರ ಹೆಸರಿಗೂ ನೋಟಿಸ್ ಬರಬಹುದು. ಮೊದಲೇ ಮಾಡಿಟ್ಟು ಎಲ್ಲರಿಗೂ ಮಾರುವ ಲೈಬ್ರರಿ ಸಂಗೀತ ಕೊಳ್ಳುವುದು ಇನ್ನೊಂದು ದಾರಿ. ಅಗ್ಗ, ಬೇಗ ಆಗುತ್ತದೆ. ಲೈಸೆನ್ಸ್‌ನಲ್ಲಿ ಥಿಯೇಟರ್ ಬಿಡುಗಡೆ ಸೇರಿದೆಯೋ ಇಲ್ಲವೋ ಓದಿಕೊಳ್ಳಿ. ಅದೇ ತುಣುಕು ನಾಳೆ ಯಾವುದೋ ಸಿಮೆಂಟ್ ಜಾಹೀರಾತಿನಲ್ಲೂ ಕೇಳಿಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಗೆಳೆಯರ ಜೊತೆ ಒಪ್ಪಂದ ಬರೆದಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಸ್ನೇಹದಲ್ಲಿ ಕಾಗದ ಯಾಕೆ ಅಂತ ಬಿಟ್ಟಿರುತ್ತೀರಿ. ಸ್ನೇಹ ಉಳಿಯಬೇಕಾದರೆ ಬರೆದುಬಿಡಿ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿ ಸಮೇತ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಕಾನೂನು 5 ವರ್ಷ ಅಂತಲೇ ಹಿಡಿಯುತ್ತದೆ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕಷ್ಟೇ. ವಿದೇಶಿ ಚಿತ್ರೋತ್ಸವದ ಕನಸಿದ್ದರೆ ಇದು ನೆನಪಿರಲಿ. ಕೃತಿಸ್ವಾಮ್ಯ ಕಾನೂನಿನ 2012ರ ತಿದ್ದುಪಡಿಯ ನಂತರ ಚಿತ್ರಮಂದಿರದಲ್ಲಿ ಸಿನಿಮಾದ ಭಾಗವಾಗಿ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗೆ ಸಂಯೋಜಕರಿಗೆ ರಾಯಲ್ಟಿಯ ಪಾಲು ಇದೆ. ‘ನಂಗೆ ಬೇಡ’ ಅಂತ ಅವರು ಬರೆದುಕೊಟ್ಟರೂ ಅದು ನಡೆಯುವುದಿಲ್ಲ. ನಿಮ್ಮ ಮಾವನಿಗೆ ಇದನ್ನು ಮೊದಲೇ ಹೇಳಿಡಿ.

ಮಾವನ ವಿಷಯ. ‘ಡಲ್ ಇದೆ’ ಅನ್ನುವ ಅವರ ಮಾತನ್ನು ತಳ್ಳಿಹಾಕಬೇಡಿ, ಅವರಿಗೆ ಏನೋ ಅನ್ನಿಸಿದೆ. ‘ಬಿಜಿಎಂ ತುಂಬಿಸು’ ಅನ್ನುವ ಮದ್ದನ್ನು ಮಾತ್ರ ಒಪ್ಪಬೇಡಿ. ಉದ್ದವಾದ ದೃಶ್ಯಕ್ಕೆ ಸಂಗೀತ ಹಾಕಿದರೆ ಅದು ಸಂಗೀತ ಇರುವ ಉದ್ದವಾದ ದೃಶ್ಯ ಆಗುತ್ತದೆ, ಗಿಡ್ಡ ಆಗುವುದಿಲ್ಲ. ಮೊದಲಿಂದ ಕೊನೆವರೆಗೆ ಬಾರಿಸುತ್ತಲೇ ಇದ್ದರೆ ಹದಿನೈದು ನಿಮಿಷಕ್ಕೆ ಕಿವಿ ಅದನ್ನು ಫ್ಯಾನಿನ ಸದ್ದಿನ ಹಾಗೆ ಮರೆತುಬಿಡುತ್ತದೆ. ನಿಮ್ಮ ಸಿನಿಮಾಗೆ 35–40 ನಿಮಿಷ ಸಂಗೀತ ಧಾರಾಳ ಸಾಕು ಅಂತ ನನ್ನ ಅಂದಾಜು. ಮಾವನಿಗೆ ಸಿನಿಮಾ ತೋರಿಸಿದ್ದು ಎಲ್ಲಿ? ಫೋನಿನಲ್ಲಾ? ಫೋನಿನ ಸ್ಪೀಕರಿನಲ್ಲಿ ಕೆಳಗಿನ ಸ್ವರಗಳು ಸರಿಯಾಗಿ ಕೇಳಿಸುವುದೇ ಇಲ್ಲ, ಮೆಟ್ಟುಗತ್ತಿಯ ಸದ್ದೂ ಸಪ್ಪೆ. ಒಂದು ದಿನ ಒಳ್ಳೆಯ ಸ್ಪೀಕರ್ ಇರುವ ಕಡೆ ಕೂರಿಸಿ ಇದೊಂದೇ ದೃಶ್ಯವನ್ನು ಎರಡು ಥರ ತೋರಿಸಿ. ವಾದ ಬೇಡ.

ಇನ್ನೊಂದು ಕೊರಗು, ಇದು ನಮ್ಮ ಉದ್ಯಮದ್ದು. ಹಾಡಿಗೆ ತಿಂಗಳುಗಟ್ಟಲೆ ಕಂಪೋಸಿಂಗ್, ಹಿನ್ನೆಲೆ ಸಂಗೀತದ ರೀ-ರೆಕಾರ್ಡಿಂಗಿಗೆ ಹತ್ತು ದಿನ. ಕೇಳಿದರೆ ‘ಇಳಯರಾಜ ಮೂರು ದಿನಕ್ಕೆ ಮುಗಿಸ್ತಿದ್ರು’ ಅನ್ನುತ್ತಾರೆ. ಅವರು ಮುಗಿಸುತ್ತಿದ್ದರು, ಅವರು ಇಳಯರಾಜ. ಎರಡೂ ಬೇರೆ ಬೇರೆ ಕೆಲಸ ಅಂತ ರಾಷ್ಟ್ರಪ್ರಶಸ್ತಿಯವರೇ 2009ರ ಸಿನಿಮಾಗಳಿಂದ ಹಾಡಿಗೊಂದು, ಹಿನ್ನೆಲೆ ಸಂಗೀತಕ್ಕೊಂದು ಪ್ರಶಸ್ತಿ ಕೊಡುತ್ತಿದ್ದಾರೆ. ಬಜೆಟ್‌ನಲ್ಲಿ ಮಾತ್ರ ಇನ್ನೂ ಒಂದೇ ಸಾಲು. ಬಿಡುಗಡೆಯ ದಿನ ಇನ್ನೂ ಗೊತ್ತಾಗಿಲ್ಲದಿದ್ದರೆ ನಿಮಗೆ ಇನ್ನೂ ಒಂದು ತಿಂಗಳು ಬೇಕು ಅಂತ ಈಗಲೇ ಹೇಳಿ.

ಗೆಳೆಯರಿಗೆ ಫೋನ್ ಮಾಡಬೇಡಿ, ಮನೆಗೇ ಹೋಗಿ. ತಪ್ಪಾಯ್ತು ಅನ್ನಿ, ಏಳು ಸಲ ಕೆಲಸ ಮಾಡಿಸಿದ್ದೀರಿ. ಅದಕ್ಕೂ ಮೊದಲು ಎಡಿಟರ್ ಹತ್ತಿರ ರೆಫರೆನ್ಸ್ ಪೂರ್ತಿ ತೆಗೆಸಿದ ಕಟ್ ಒಂದನ್ನು ಮಾಡಿಸಿಕೊಂಡಿರಿ. ಸಂಗೀತವಿಲ್ಲದೆ ನೋಡಿದಾಗ ಎಲ್ಲೆಲ್ಲಿ ಕಟ್ ಎಡವುತ್ತದೋ ಅಲ್ಲಲ್ಲಿ ಮತ್ತೆ ಎಡಿಟ್ ಮಾಡಿ, ಆಮೇಲೆ ಲಾಕ್ ಮಾಡಿ, ಅಂದರೆ ಇನ್ನು ಎಡಿಟ್ ಬದಲಿಸುವುದಿಲ್ಲ ಅಂತ ನಿಲ್ಲಿಸಿ. ಇಬ್ಬರೂ ಕೂತು ಸಿನಿಮಾ ನೋಡುತ್ತಾ ಸಂಗೀತ ಎಲ್ಲಿ ಬೇಡ ಅಂತ ಮೊದಲು ಬರೆದುಕೊಳ್ಳಿ. ಎಲ್ಲಿ ಬೇಕು ಅನ್ನುವ ಪಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಇದಾದ ಮೇಲೂ ಕೂಡಿಬರದಿದ್ದರೆ ಬೇರೆಯವರನ್ನು ಹುಡುಕಿ, ತಪ್ಪಿಲ್ಲ. ಆಗ ಮಾಡಿದ ಕೆಲಸಕ್ಕೆ ದುಡ್ಡು ಪೂರ್ತಿ ಕೊಡಿ, ಅವರದ್ದು ಏನಾದರೂ ಉಳಿದರೆ ಹೆಸರು ಹಾಕಿ. ಹೊಸಬರಿಗೆ ಆ ಪಿಯಾನೊ ಮಾತ್ರ ಕೇಳಿಸಬೇಡಿ.

ನಾಲ್ಕನೆಯ ವರ್ಷನ್‌ಗೆ ನೀವು ‘ಇದು ಖಾಲಿ ಖಾಲಿ ಅನ್ನಿಸ್ತಿದೆ’ ಅಂತ ಒಂದೇ ಸಾಲು ಬರೆದು ವಾಪಸ್ ಕಳಿಸಿದ್ದೀರಿ. ಏಳರಲ್ಲಿ ಅದೊಂದೇ ರೆಫರೆನ್ಸ್ ಕೇಳದೆ ಬರೆದದ್ದರ ಹಾಗಿದೆ. ಪಿಯಾನೊ ಇಲ್ಲ, ಒಂದು ತಂತಿಯ ಎಳೆ, ಮಧ್ಯೆ ಮಧ್ಯೆ ಮರ ತಟ್ಟಿದ ಸದ್ದು. ಆ ಫೈಲನ್ನು 41ನೇ ಸೆಕೆಂಡಿನಿಂದ ತೆಗೆದು 1 ನಿಮಿಷ 50ನೇ ಸೆಕೆಂಡಿಗೆ ಸರಿಸಿ ನೋಡಿ, ಅಮ್ಮ ಎದ್ದು ಅಡಿಕೆ ಬೇಯುತ್ತಿರುವ ಹಂಡೆಯ ಹತ್ತಿರ ಹೋಗುವಲ್ಲಿಗೆ. ಅಲ್ಲಿಯ ತನಕ ಏನೂ ಬೇಡ, ಕತ್ತಿಗಳ ಸದ್ದು ಸಾಕು. ನಾನು ಇಲ್ಲಿ ಸರಿಸಿ ನೋಡಿದೆ. ಕೊನೆಯಲ್ಲಿ ಒಂದು ಆರು ಸೆಕೆಂಡ್ ಜಾಸ್ತಿ ಆಗುತ್ತದೆ. ಅದನ್ನು ಎಲ್ಲಿ ನಿಲ್ಲಿಸಬೇಕು ಅಂತ ಅವರನ್ನೇ ಕೇಳಿ.